ಎಂಟು ತಿಂಗಳ ಪಾಪು ಜೊತೆ ಸಾಗರಕ್ಕೆ

"ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗೋದು ಬಿಟ್ಟು, ಅದೇನೋ ಸೀಟಂತೆ, ಅದಕ್ಕೆ ಬೆಲ್ಟ್ ಹಾಕಿ ಕಟ್ಟಿ ಕೂರಿಸ್ತಾರಂತೆ."

ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಿದ್ದಳು. ನನಗೆ ಕೇಳಲಿ ಎಂದೇ ಸ್ವಲ್ಪ ಜೋರಾಗಿ. ಅದು 2024ರ ಏಪ್ರಿಲ್ ಕೊನೆಯ ವಾರ. ನಾನು ಅಡುಗೆಮನೆಯಲ್ಲಿ ಪಾಪುವಿನ ಬಟ್ಟೆ ಮಡಚುತ್ತಿದ್ದೆ. ಉತ್ತರ ಕೊಡಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ನನಗೂ ಅಮ್ಮನ ಮಾತೇ ಸರಿ ಎನ್ನಿಸುತ್ತಿತ್ತು.

ಆ ಬೇಸಿಗೆ ಬೆಂಗಳೂರಿನಲ್ಲಿದ್ದವರಿಗೆ ನೆನಪಿರುತ್ತದೆ. ಮಾರ್ಚ್‌ನಲ್ಲೇ ಎಷ್ಟೋ ಕಡೆ ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರಿಗೆ ಪರದಾಟ ಶುರುವಾಗಿತ್ತು. ವಿಜಯನಗರದ ನಮ್ಮ ಮನೆ ಮೂರನೇ ಮಹಡಿಯಲ್ಲಿದೆ, ಮೇಲೆ ಬರೀ ತಾರಸಿ. ಸಂಜೆ ಆರಕ್ಕೂ ಗೋಡೆ ಮುಟ್ಟಿದರೆ ಬಿಸಿ. ಪಾಪುವಿನ ಕುತ್ತಿಗೆ ಸುತ್ತ, ಬೆನ್ನ ಮೇಲೆ ಬೆವರುಸಾಲೆ. ರಾತ್ರಿಯೆಲ್ಲ ಕೆರೆದುಕೊಳ್ಳಲು ಬಾರದೆ ಅಳುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ನಾನೂ ಎಷ್ಟೋ ಸಲ ಅತ್ತಿದ್ದೇನೆ.

ಅಂಥ ಒಂದು ರಾತ್ರಿಯ ಮರುದಿನ ನನ್ನ ಹಾಸ್ಟೆಲ್ ಗೆಳತಿ ಫೋನ್ ಮಾಡಿದಳು. "ಕರ್ಕೊಂಡು ಬಾರೇ ಇಲ್ಲಿಗೆ. ಮರ ಇದೆ, ನೆರಳಿದೆ. ಎತ್ತಿಕೊಳ್ಳೋಕೆ ಐದು ಜನ ಇದೀವಿ."

ಅವಳೂ ನಾನೂ ಮೂರು ವರ್ಷ ಒಂದೇ ರೂಮಿನಲ್ಲಿದ್ದವರು. 2020ರಲ್ಲಿ ಕೊರೊನಾ ಬಂದಾಗ ಗಂಡನ ಜೊತೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದಿಂದ ಸ್ವಲ್ಪ ಒಳಗೆ ಅವಳ ಅಪ್ಪನ ಅಡಿಕೆ ತೋಟ. ನಾಲ್ಕು ವರ್ಷದಿಂದ ಕರೆಯುತ್ತಲೇ ಇದ್ದಳು. ನಾವು "ಮುಂದಿನ ಸಲ ಖಂಡಿತ" ಎನ್ನುತ್ತಲೇ ಇದ್ದೆವು.

ಸುಮಾರು 360 ಕಿಲೋಮೀಟರ್. ನಾನೂ ನನ್ನ ಗಂಡನೂ ಇಬ್ಬರೇ ಆಗಿದ್ದರೆ ಏಳು ಗಂಟೆಯ ದಾರಿ. ಮಕ್ಕಳ ಡಾಕ್ಟರ್ ಹತ್ತಿರ ಕೇಳಿದೆವು. ಅವರು ಬೇಡ ಅನ್ನಲಿಲ್ಲ. ಆದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಗುವನ್ನು ಸೀಟಿನಿಂದ ತೆಗೆದು ಕೈಕಾಲು ಆಡಿಸಲು ಬಿಡಬೇಕು, ಮತ್ತೆ ಮತ್ತೆ ಹಾಲು ಕೊಡಬೇಕು, ಮಧ್ಯೆ ಒಂದೊಂದು ಗುಟುಕು ನೀರು ಕುಡಿಸಬೇಕು, ನಿಂತ ಕಾರಿನೊಳಗೆ ಐದು ನಿಮಿಷವೂ ಒಂಟಿಯಾಗಿ ಬಿಡಬಾರದು ಎಂದರು. ಬಿಸಿಲಲ್ಲಿ ಮುಚ್ಚಿದ ಕಾರು ನೋಡನೋಡುತ್ತಿದ್ದಂತೆ ಒಲೆಯಂತಾಗುತ್ತದೆ, ಮಕ್ಕಳ ಮೈ ದೊಡ್ಡವರಿಗಿಂತ ತುಂಬಾ ಬೇಗ ಕಾಯುತ್ತದೆ. ಮತ್ತೆ ಆ ಸೀಟು. ಅದು ಹಿಂದಿನ ಸಾಲಿನಲ್ಲೇ, ಮಗುವಿನ ಮುಖ ಗಾಡಿಯ ಹಿಂಬದಿಗೆ ಇರುವಂತೆಯೇ ಇರಬೇಕು.

ಯಾಕೆ ಎಂದು ಕೇಳಿದ್ದಕ್ಕೆ ಅವರು ಬಿಡಿಸಿ ಹೇಳಿದರು. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆಯ ಭಾರ ಜಾಸ್ತಿ, ಕತ್ತು ಎಳಸು. ಹಿಂದಕ್ಕೆ ಮುಖ ಮಾಡಿ ಕೂರಿಸಿದರೆ ಗಾಡಿ ಗಕ್ಕನೆ ನಿಂತಾಗ ತಲೆ, ಕತ್ತು, ಬೆನ್ನು ಮೂರನ್ನೂ ಸೀಟು ಒಟ್ಟಿಗೆ ತಾಳಿಕೊಳ್ಳುತ್ತದೆ. ಮಡಿಲಲ್ಲಿದ್ದರೆ? ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾದರೂ ಮಗುವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಯಾವ ತಾಯಿಯ ಕೈಗೂ ಇಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ಇದೂ ಸೇರಿದೆ. 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ದಂಡದ ಮಾತು ನನ್ನನ್ನು ತಟ್ಟಲಿಲ್ಲ. "ಯಾವ ತಾಯಿಯ ಕೈಗೂ" ಎಂದದ್ದು ಮಾತ್ರ ತಲೆಯಲ್ಲಿ ಉಳಿಯಿತು.

ಸೀಟು ತಂದು ಒಂದು ವಾರ ಅಭ್ಯಾಸ ಮಾಡಿಸಿದೆವು. ಸಂಜೆ ಸುಮ್ನೆ ಮಾಗಡಿ ರಸ್ತೆಯ ಕಡೆ ಒಂದು ಸುತ್ತು. ಮೊದಲ ಎರಡು ದಿನ ಕಿರುಚಿದಳು. ಮೂರನೇ ದಿನ ಕಿಟಕಿಯಾಚೆ ಸರಿಯುವ ಮರದ ಕೊಂಬೆಗಳನ್ನು ನೋಡುತ್ತಾ ನಿದ್ದೆ ಹೋದಳು. ನಾವಿಬ್ಬರೂ ಮಾತಾಡದೆ ಮನೆಯ ಮುಂದೆಯೇ ಅರ್ಧ ಗಂಟೆ ಎಂಜಿನ್ ಆರಿಸದೆ ಕೂತಿದ್ದೆವು.

ಏಪ್ರಿಲ್ 26, ಶುಕ್ರವಾರ ಬೆಂಗಳೂರಿನಲ್ಲಿ ಲೋಕಸಭೆಗೆ ಮತದಾನ. ಓಟು ಹಾಕಿ ಬಂದು, ಬೇಗ ಮಲಗಿ, ಶನಿವಾರ ಬೆಳಗಿನ ಜಾವ ನಾಲ್ಕೂಕಾಲಿಗೆ ಹೊರಟೆವು. ಅಮ್ಮ ಹಿಂದಿನ ದಿನವೇ ಬಂದು ಉಳಿದಿದ್ದಳು. ಮೊಳಕೆ ಬರಿಸಿ, ಹುರಿದು, ಬೇಯಿಸಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದ ರಾಗಿ ಹಿಟ್ಟನ್ನು ಐದು ದಿನಕ್ಕೆ ಅಳೆದು ಕಟ್ಟಿಕೊಟ್ಟಳು. ಸೀಟಿನ ಬಗ್ಗೆ ಏನೂ ಹೇಳಲಿಲ್ಲ. ಪಾಪುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು, ಗೇಟಿನ ಹತ್ತಿರ ನಿಂತೇ ಇದ್ದಳು.

ಗೊರಗುಂಟೆಪಾಳ್ಯದಲ್ಲಿ ಆ ಹೊತ್ತಿಗೂ ಬಸ್ಸಿಗೆ ಕಾಯುವ ಜನ. ಪೀಣ್ಯ ಮೇಲ್ಸೇತುವೆ, ನೆಲಮಂಗಲ. ದಾಬಸ್‌ಪೇಟೆ ಹತ್ತಿರ ಎಡಕ್ಕೆ ಶಿವಗಂಗೆ ಬೆಟ್ಟ ನೆರಳಿನಂತೆ ಕಂಡಿತು. ಪಾಪು ನಿದ್ದೆಯಲ್ಲಿದ್ದಳು. ನಾನು ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತು, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಹತ್ತು ನಿಮಿಷಕ್ಕೊಂದು ಸಲವಾದರೂ ನೋಡಿರಬೇಕು.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ನನ್ನ ಗಂಡ ತಿಂದು ಬರುವ ತನಕ ನಾನು ಹಾಲು ಕುಡಿಸಿದೆ. ಆಮೇಲೆ ನನಗೆ ಕಾರಿಗೇ ತಂದುಕೊಟ್ಟರು. ಬೆಣ್ಣೆ ಕರಗಿ, ಇಡ್ಲಿ ಆರಿ ಹೋಗಿತ್ತು. ಆ ಎಂಟು ತಿಂಗಳು ನಾನು ತಿಂದದ್ದೆಲ್ಲ ಆರಿದ್ದೇ. ದೂರು ಹೇಳುತ್ತಿಲ್ಲ. ಎಲ್ಲ ತಾಯಂದಿರಿಗೂ ಗೊತ್ತಿರುವ ವಿಷಯ. ಮುಂದೆ ಇದರ ಮಾತು ಬರುತ್ತದೆ, ಅದಕ್ಕೆ ಹೇಳಿದೆ.

ತುಮಕೂರಿನಿಂದ ಹೊನ್ನಾವರದ ಹೆದ್ದಾರಿ ಹಿಡಿದರೆ ಗುಬ್ಬಿ, ನಿಟ್ಟೂರು, ತಿಪಟೂರು. ಎರಡೂ ಕಡೆ ತೆಂಗು. ಈ ರಸ್ತೆಯಲ್ಲಿ ನಾನು ಹತ್ತು ಸಲವಾದರೂ ಓಡಾಡಿದ್ದೇನೆ. ತಿಪಟೂರು ಎಂದರೆ ಕೊಬ್ಬರಿ ಮಾರುಕಟ್ಟೆ ಎಂದಷ್ಟೇ ಗೊತ್ತಿತ್ತು, ಅಲ್ಲಿ ಇಳಿದೇ ಇರಲಿಲ್ಲ. ಈ ಸಲ ಊರಿನ ಹೊರಗೆ ಒಂದು ಹೊಂಗೆ ಮರದಡಿ ಎಳನೀರು ರಾಶಿ ಕಂಡು ನಿಲ್ಲಿಸಿದೆವು. ಮರ ತುಂಬಾ ಹೊಸ ಎಲೆ, ಕೆಳಗೆ ಉದುರಿದ ಹೂ. ಕೊಂಬೆಗೆ ಹಳೆ ಸೀರೆಯ ಜೋಲಿ ಕಟ್ಟಿತ್ತು. ಎಳನೀರಿನ ಅಮ್ಮ ತನ್ನ ಮೊಮ್ಮಗಳನ್ನು ಅದರಲ್ಲಿ ಮಲಗಿಸಿದ್ದರು.

ನಾನು ಫ್ಲಾಸ್ಕಿನ ಬಿಸಿನೀರಲ್ಲಿ ರಾಗಿ ಸರಿ ಕಲಸಲು ಹೊರಟು ಒಂದು ಕೈಯಲ್ಲಿ ಒದ್ದಾಡುತ್ತಿದ್ದೆ. ನನ್ನಮ್ಮ ಮನೆಯಲ್ಲೇ ಹುರಿದು ಬೇಯಿಸಿ ಒಣಗಿಸಿಟ್ಟ ಹಿಟ್ಟು, ಕಲಸಿದರೆ ಸಾಕಿತ್ತು. ಎಳನೀರಿನ ಅಮ್ಮ ಕತ್ತಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಕೊಡವ್ವ ಇಲ್ಲಿ ಕೂಸ್ನ" ಎಂದರು.

ನಾನು ಕೊಡಲಿಲ್ಲ. ಒಂದು ಕ್ಷಣ ಹಾಗೇ ನಿಂತೆ. ಬೆಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯವರೂ ಪಾಪುವನ್ನು ಎತ್ತಿಕೊಂಡಿರಲಿಲ್ಲ. ಅವರು ಕೇಳಿರಲಿಲ್ಲ, ನಾನೂ ಕೊಟ್ಟಿರಲಿಲ್ಲ. ಪಾಪುವೇ ಆ ಕಡೆ ಬಗ್ಗಿ ಕೈ ಚಾಚಿದಳು. ಅವರು ಎತ್ತಿಕೊಂಡು ಸೊಂಟಕ್ಕೆ ಏರಿಸಿ, ಮೊಮ್ಮಗಳ ಜೋಲಿಯನ್ನು ಇನ್ನೊಂದು ಕೈಯಲ್ಲಿ ತೂಗುತ್ತಾ ನಿಂತರು. ಇಪ್ಪತ್ತು ನಿಮಿಷ ಕಳೆದು ಹೊರಟಾಗ ಎಳನೀರಿನ ದುಡ್ಡಷ್ಟೇ ತೆಗೆದುಕೊಂಡರು. ಅವರ ಹೆಸರು ಕೇಳಲು ಮರೆತೆ. ಈಗಲೂ ಅದು ಮನಸ್ಸಿನಲ್ಲಿದೆ.

ಅರಸೀಕೆರೆ ದಾಟುವವರೆಗೆ ಎಲ್ಲ ಸರಿಯಿತ್ತು. ಬಾಣಾವರದ ನಂತರ ಅಳು ಶುರುವಾಯಿತು. ಹಸಿವಲ್ಲ, ಒದ್ದೆಯಾಗಿಲ್ಲ, ಜ್ವರವಿಲ್ಲ. ಹತ್ತು ಗಂಟೆಯ ಬಿಸಿಲು ನೇರ ಅವಳ ಕಡೆಯ ಕಿಟಕಿಗೆ ಬೀಳುತ್ತಿತ್ತು. ಪರದೆಗೆ ಟವೆಲ್ ಸಿಕ್ಕಿಸಿದೆ. ಗಿಲಕಿ, ಹಾಡು, ಕೀ ಗೊಂಚಲು, ಯಾವುದೂ ನಡೆಯಲಿಲ್ಲ. ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದ ಕಡೆಯೆಲ್ಲ ಧೂಳು, ಪಕ್ಕದಲ್ಲಿ ಲಾರಿಗಳು. ಒಂದು ನಿಮಿಷವೂ ನಿಲ್ಲಿಸುವಂತಿರಲಿಲ್ಲ. ಅವಳ ಮುಖ ಕೆಂಪಾಗಿ, ಉಸಿರು ಕಟ್ಟಿದಂತಾಗಿ, ಮತ್ತೆ ಕಿರುಚುತ್ತಿದ್ದಳು.

ನನ್ನ ಕೈ ಬೆಲ್ಟಿನ ಕೆಂಪು ಗುಂಡಿಯ ಮೇಲೆ ಹೋಯಿತು. ಒತ್ತಿದರೆ ಮುಗಿಯಿತು. ಮಡಿಲಿಗೆ ಬಂದರೆ ಸುಮ್ಮನಾಗುತ್ತಾಳೆ, ಅದು ಖಂಡಿತ. ನನ್ನ ಗಂಡ ಕನ್ನಡಿಯಲ್ಲಿ ನೋಡಿದರು. "ಬೇಡ. ನಿಲ್ಲಿಸ್ತೀನಿ. ಜಾಗ ಸಿಕ್ಕಿದ ತಕ್ಷಣ ನಿಲ್ಲಿಸ್ತೀನಿ, ಅಲ್ಲೀವರೆಗೂ ತೆಗೀಬೇಡ" ಎಂದರು. ನನಗೆ ಅವರ ಮೇಲೆ ಬಂದ ಸಿಟ್ಟು ಸಣ್ಣದಲ್ಲ. ಅಳುವ ಮಗುವಿನ ಪಕ್ಕದಲ್ಲೇ ಕೂತು ಎತ್ತಿಕೊಳ್ಳದೆ ಇರುವುದಿದೆಯಲ್ಲ, ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ಗುಂಡಿಯಿಂದ ಕೈ ತೆಗೆದೆ. ಅವಳ ಪಾದ ಹಿಡಿದುಕೊಂಡು ಕೂತೆ.

ಕಡೂರು ದಾಟಿ ಬೀರೂರಿನಲ್ಲಿ ನಿಲ್ಲಿಸಲು ಜಾಗ ಸಿಕ್ಕಿತು, ರೈಲ್ವೆ ಹಳಿಯ ಪಕ್ಕ, ಬೇವಿನ ಮರದ ಕೆಳಗೆ. ಶಿವಮೊಗ್ಗದ ಹಳಿ ಕವಲೊಡೆಯುವುದು ಬೀರೂರಿನಲ್ಲೇ. ಬೆಲ್ಟ್ ತೆಗೆದು ಎದೆಗವುಚಿಕೊಂಡೆ. ನಾವಿಬ್ಬರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಗೂಡ್ಸ್ ರೈಲು ಬಂತು. ಪಾಪು ಬಿಕ್ಕುತ್ತಲೇ ಬಾಯಿ ತೆರೆದು ಅದನ್ನು ನೋಡಿದಳು, ಕೊನೆಯ ಡಬ್ಬಿ ಹೋಗುವವರೆಗೂ. ಆಮೇಲೆ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಅಲ್ಲಿ ಒಂದು ಗಂಟೆ ಕೂತೆವು.

ತರೀಕೆರೆ ದಾಟಿ ಶಿವಮೊಗ್ಗ ಜಿಲ್ಲೆಗೆ ಕಾಲಿಡುವಾಗ ಚುನಾವಣೆಯ ಚೆಕ್‌ಪೋಸ್ಟ್. ಅಲ್ಲಿ ಮತದಾನ ಮೇ 7ಕ್ಕೆ. ಪೊಲೀಸರು ಡಿಕ್ಕಿ ತೆರೆಸಿ ಒಂದು ಚೀಲ ಬಿಚ್ಚಿದರು. ಲಂಗೋಟಿ. ಇನ್ನೊಂದು ಬಿಚ್ಚಿದರು. ಅದರಲ್ಲೂ ಲಂಗೋಟಿ. "ಬಿಸಿಲಲ್ಲಿ ನಿಲ್ಲಿಸಬೇಡಿ ಮಗೂನ, ಹೊರಡಿ ಹೊರಡಿ" ಎಂದು ತಾವೇ ಜಿಪ್ ಎಳೆದುಕೊಟ್ಟರು. ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮವರ ಸ್ನೇಹಿತರ ಮನೆಯಲ್ಲಿ ಮಲಗಿದೆವು. ಆಯನೂರು, ಕುಂಸಿ, ಆನಂದಪುರ ದಾಟಿ ತೋಟದ ದಾರಿಗೆ ತಿರುಗುವಾಗ ಸಂಜೆ ಆರೂವರೆ. ಹದಿನಾಲ್ಕು ಗಂಟೆ ಹಿಡಿದಿತ್ತು.

ಅಂಗಳದಲ್ಲಿ ಎಲ್ಲರೂ ನಿಂತಿದ್ದರು. ಗೆಳತಿ, ಅವಳ ಗಂಡ, ಅಪ್ಪ, ಅಮ್ಮ. ಜಗಲಿಯ ಮೇಲೆ ಅಜ್ಜಿ, ಅವಳ ಅಪ್ಪನ ತಾಯಿ, ಎಂಬತ್ತು ದಾಟಿದವರು. ಅಜ್ಜಿ ಏಳಲಿಲ್ಲ, ಎರಡೂ ಕೈ ಮುಂದೆ ಚಾಚಿದರು. ಈ ಸಲ ನಾನು ತಡೆಯಲಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಪಾಪು ಯಾರದೋ ತೋಳಲ್ಲಿದ್ದಳು. ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಅನ್ನದಿಂದ ಹಬೆ ಏಳುತ್ತಿತ್ತು. ನಾನು ಕಲಸಿ ಮೊದಲ ತುತ್ತು ಬಾಯಿಗಿಟ್ಟೆ, ನಾಲಿಗೆ ಸುಟ್ಟಿತು. ಬಿಸಿ ಊಟ ಹೇಗಿರುತ್ತದೆ ಎನ್ನುವುದೇ ಮರೆತುಹೋಗಿತ್ತು. ಕಣ್ಣಲ್ಲಿ ನೀರು ಬಂತು. ಗೆಳತಿ ನೋಡಿದಳು, ಏನೂ ಕೇಳದೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ಮರುದಿನ ಬೆಳಗ್ಗೆ ಎಣ್ಣೆ ನೀರು. ಬಚ್ಚಲೊಲೆಗೆ ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸಿದ್ದರು. ಗೆಳತಿಯ ಅಮ್ಮ ಮಣೆಯ ಮೇಲೆ ಕಾಲು ನೀಡಿ ಕೂತು, ಪಾಪುವನ್ನು ಕಾಲ ಮೇಲೆ ಬೋರಲು ಮಲಗಿಸಿ, ತೆಂಗಿನೆಣ್ಣೆ ನೀವಿ, ಚೊಂಬಿನಿಂದ ನೀರು ಹೊಯ್ದರು. ನೀರಿನ ಹದವನ್ನು ನಾನೂ ಮುಟ್ಟಿ ನೋಡಿದೆ. ಬಾಗಿಲ ಹೊರಗೆ ಕೂತ ಅಜ್ಜಿ "ಕಿವಿಗೆ ಕೈ ಅಡ್ಡ ಇಡು" ಎಂದು ಸೊಸೆಗೆ ಹೇಳುತ್ತಲೇ ಇದ್ದರು. ಸ್ನಾನ ಮುಗಿದ ಮೇಲೆ ಮಣ್ಣಿ. ನಮ್ಮ ಮನೆಯಲ್ಲಿ ಅದು ರಾಗಿ ಸರಿ, ಇಲ್ಲಿ ರಾಗಿ ಮಣ್ಣಿ. ಅಮ್ಮ ಕಟ್ಟಿಕೊಟ್ಟ ಅದೇ ಹಿಟ್ಟು. ತಿಂದವಳು ಹೆಂಚಿನ ಮಾಡಿನ ಕೆಳಗೆ ಮೂರು ಗಂಟೆ ಮಲಗಿದಳು. ಎದೆಹಾಲು ಬಿಟ್ಟರೆ ನನ್ನ ನೆನಪೇ ಅವಳಿಗೆ ಬೇಕಾಗಿರಲಿಲ್ಲ. ಖುಷಿಯೂ ಆಯಿತು, ಎಲ್ಲೋ ಒಂದು ಕಡೆ ನೋವೂ ಆಯಿತು.

ಅದೇ ಭಾನುವಾರ, ಏಪ್ರಿಲ್ 28, ಬೆಂಗಳೂರಿನಲ್ಲಿ ಉಷ್ಣಾಂಶ 38.5 ಡಿಗ್ರಿಗೆ ಹೋಯಿತು. 2016ರ ಏಪ್ರಿಲ್‌ನಲ್ಲಿ 39.2 ಆಗಿದ್ದು ಬಿಟ್ಟರೆ ಏಪ್ರಿಲ್ ತಿಂಗಳಲ್ಲಿ ಬೆಂಗಳೂರು ಅಷ್ಟು ಕಾದಿರಲಿಲ್ಲ. ಅಮ್ಮ ಫೋನ್ ಮಾಡಿ, "ಒಳ್ಳೇದಾಯ್ತು ಹೋಗಿದ್ದು" ಎಂದಳು. ಮರುಕ್ಷಣವೇ ಮಂಗನ ಕಾಯಿಲೆಯ ಬಗ್ಗೆ ಕೇಳಿದಳು. ಕೇಳುವಂಥದ್ದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ಕಾಯಿಲೆ ಉಣುಗಿನಿಂದ ಹರಡುತ್ತದೆ, ಬೇಸಿಗೆ ಮುಗಿಯುವವರೆಗೆ ಅದರ ಕಾಲ. ಗೆಳತಿ ಮೊದಲೇ ಖಡಾಖಂಡಿತವಾಗಿ ಹೇಳಿದ್ದಳು: ಅಂಗಳ, ಜಗಲಿ, ಮನೆ, ಅಷ್ಟೇ. ಕಾಡಿನ ಕಡೆ ಕಾಲಿಡುವುದಿಲ್ಲ, ಒಣ ಎಲೆಯ ಮೇಲೆ ಮಗುವನ್ನು ಬಿಡುವುದಿಲ್ಲ.

ಆ ರಾತ್ರಿ ಪಾಪು ಮಲಗಿದ ಮೇಲೆ ಗೆಳತಿಯೂ ನಾನೂ ಇಬ್ಬರೇ ಜಗಲಿಯಲ್ಲಿ ಕೂತೆವು. ಹಳೇ ಮಾತುಗಳು ಬೇಗ ಮುಗಿದವು. ಅವಳು ಕಂಬಕ್ಕೆ ಒರಗಿ, "ಒಂದು ಮಾತು ಹೇಳ್ಲಾ?" ಎಂದಳು. "ಪಾಪು ಹುಟ್ಟಿದ ಮೇಲೆ ನೀನಾಗೇ ನನಗೆ ಫೋನ್ ಮಾಡಿದ್ದು ಎರಡೇ ಸಲ ಕಣೇ. ನಾನು ಎಣಿಸಿದ್ದೀನಿ."

ನಾನು ಟೈಮ್ ಇರಲಿಲ್ಲ ಎಂದು ಶುರು ಮಾಡಿ ನಿಲ್ಲಿಸಿದೆ. ಟೈಮಿನ ವಿಷಯ ಅಲ್ಲ ಅದು. ಮಧ್ಯರಾತ್ರಿ ಎದ್ದು ಹಾಲು ಕುಡಿಸುವಾಗ ಎಷ್ಟೋ ಸಲ ಅವಳ ಹೆಸರು ತೆರೆದು ನೋಡಿ ಮುಚ್ಚಿದ್ದೆ. ಎಲ್ಲರೂ "ಹೇಗಿದಾಳೆ ಪಾಪು?" ಎಂದು ಕೇಳುತ್ತಿದ್ದರು, "ಚೆನ್ನಾಗಿದಾಳೆ" ಎಂದರೆ ಮುಗಿಯುತ್ತಿತ್ತು. ಅವಳು ಹಾಗಲ್ಲ. ಅವಳು "ನೀನು ಹೇಗಿದ್ದೀಯ?" ಎಂದು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಡಲು ಹೆದರಿಕೆಯಿತ್ತು. ಅವತ್ತು ಕೊಟ್ಟೆ. ನಿದ್ದೆಯಿಲ್ಲದ್ದು, ಕಾರಣವಿಲ್ಲದೆ ಅಳು ಬರುವುದು, ಮಗುವನ್ನು ಬೇರೆ ಯಾರಾದರೂ ಮುಟ್ಟಿದರೆ ಎದೆ ಹೊಡೆದುಕೊಳ್ಳುವುದು, ಎಲ್ಲ. ಅವಳು ಸಮಾಧಾನ ಹೇಳಲಿಲ್ಲ. "ಬೆಂಗಳೂರಿಗೆ ಹೋದ ತಕ್ಷಣ ಡಾಕ್ಟರ್ ಹತ್ರ ಇದನ್ನೆಲ್ಲ ಹೇಳ್ತೀಯ. ಪಾಪು ಡಾಕ್ಟರ್ ಅಲ್ಲ, ನಿನ್ನ ಡಾಕ್ಟರ್" ಎಂದು ಮಾತು ತೆಗೆದುಕೊಂಡಳು. ನಾನು ಹೋದೆ, ಆ ವಾರವೇ.

ಸೋಮವಾರ ಮಧ್ಯಾಹ್ನ ಅಜ್ಜಿ ಒಂದು ಸಣ್ಣ ಬಾಟಲಿ ಜೇನುತುಪ್ಪ ತರಿಸಿದರು. ಬೆರಳು ಅದ್ದಿ ಪಾಪುವಿನ ಬಾಯಿಯ ಹತ್ತಿರ ತಂದರು. ನಾನು ಹಾರಿ ಹೋಗಿ ಅವರ ಕೈ ಹಿಡಿದೆ. ಹಿರಿಯರ ಕೈಯನ್ನು ಹಾಗೆ ಹಿಡಿದದ್ದು ಜೀವನದಲ್ಲಿ ಮೊದಲ ಸಲ. ಒಂದು ವರ್ಷ ತುಂಬುವವರೆಗೆ ಮಕ್ಕಳಿಗೆ ಜೇನುತುಪ್ಪ ಕೊಡಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಎಳೆಯ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ, ಕೈಕಾಲು ಸೋಲುತ್ತವೆ, ಉಸಿರಿಗೂ ಅಪಾಯ. ಎಷ್ಟೇ ಶುದ್ಧ ಜೇನಾದರೂ ಅಷ್ಟೇ. ಇದನ್ನು ನಡುಗುವ ದನಿಯಲ್ಲಿ ಹೇಳಿದೆ. ಜಗಲಿ ಸುಮ್ಮನಾಯಿತು.

ಅಜ್ಜಿ ಬೆರಳನ್ನು ತಾವೇ ಚೀಪಿಕೊಂಡರು. "ಆಯ್ತು ತಂಗಿ. ತಾಯಿ ಬ್ಯಾಡ ಅಂದ್ಮೇಲೆ ಬ್ಯಾಡ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಮಗನ ಕಡೆ ಕೈ ತೋರಿಸಿ, "ಇವನಿಗೆ ಲಾರಿ ಮ್ಯಾಲೆ ಇದನ್ನೇ ನೆಕ್ಕಿಸ್ಕ್ಯಂಡು ಬಂದಿದ್ದೆ. ಹಾಲು ಬತ್ತಿ ಹೋಗಿತ್ತು" ಎಂದರು.

ಯಾವ ಲಾರಿ ಎಂದು ಕೇಳಿದೆ.

ಅವರ ಮೊದಲ ಊರು ಈಗ ಇಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಅವರದೂ ಒಂದು. ನೀರು ಏರುವ ಮೊದಲು ಲಾರಿಯಲ್ಲಿ ಸಾಮಾನು ತುಂಬಿ ಕಳಿಸಿದರು. ಅಜ್ಜಿಗೆ ಆಗ ಇಪ್ಪತ್ತು. ಮಡಿಲಲ್ಲಿ ನಾಲ್ಕು ತಿಂಗಳ ಮಗು, ಅಂದರೆ ನಮ್ಮೆದುರು ಕೂತಿದ್ದ ಗೆಳತಿಯ ಅಪ್ಪ. ಕಾಡಿನೊಳಗೆ ಹೊಸದಾಗಿ ಕಡಿದ ರಸ್ತೆ. ಲಾರಿ ಒಂದು ಹಳ್ಳಕ್ಕೆ ಇಳಿದು ಎದ್ದಾಗ ಮಗು ಕೈಯಿಂದ ಜಾರಿ ಭತ್ತದ ಮೂಟೆಯ ಮೇಲೆ ಬಿತ್ತು. ಏನೂ ಆಗಲಿಲ್ಲ. ಆದರೆ ಅಜ್ಜಿ ಲಾರಿ ನಿಲ್ಲಿಸಿ ಎಂದು ಕೂಗಿದರು. ಮಾವನ ಎದುರು ದನಿ ಎತ್ತಿದ್ದು ಅದೇ ಮೊದಲಂತೆ. ತೊಟ್ಟಿಲನ್ನು ಮೂಟೆಗಳ ನಡುವೆ ಇಡಿಸಿ, ಹಗ್ಗದಲ್ಲಿ ಲಾರಿಗೆ ಬಿಗಿಸಿದರು. ಮಗುವನ್ನು ಅದರಲ್ಲಿ ಮಲಗಿಸಿ, ಎದೆಯ ಮೇಲಿಂದ ಹಳೆ ಸೀರೆ ಕಟ್ಟಿದರು. "ಕೈಯಾಗೆ ಹಿಡ್ಕಣಕ್ಕೆ ಆಗದಿಲ್ಲ ಅಂತ ಗೊತ್ತಾತು. ಕಟ್ಟಿದೆ" ಎಂದರು.

ನಾನು ಅಂಗಳದಲ್ಲಿ ನಿಂತಿದ್ದ ನಮ್ಮ ಕಾರಿನ ಕಡೆ ನೋಡಿದೆ.

ಗೆಳತಿಯ ಅಪ್ಪ ಅಡಿಕೆ ಹೋಳು ಕತ್ತರಿಸುತ್ತಾ ಉಳಿದದ್ದನ್ನು ಹೇಳಿದರು. ಆಗ ಬಂದವರಲ್ಲಿ ಎಷ್ಟೋ ಕುಟುಂಬಗಳಿಗೆ ಉಳುವ ನೆಲದ ಹಕ್ಕುಪತ್ರ ಇನ್ನೂ ಸರಿಯಾಗಿ ಸಿಕ್ಕಿಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಆದರೂ ಹಿನ್ನೀರಿನ ಹಳ್ಳಿಗಳು ದೀಪಕ್ಕಾಗಿ ಎಷ್ಟೋ ವರ್ಷ ಕಾದವು. 2019ರಲ್ಲಿ ಇದೇ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ಮಾತು ಬಂದಾಗ ಜಿಲ್ಲೆಯೇ ಬೀದಿಗಿಳಿದಿತ್ತು, ಅವರೂ ಹೋಗಿದ್ದರು. "ನಿಮ್ಮ ಮೇಲೆ ಸಿಟ್ಟಿಲ್ಲ. ನಿಮಗೂ ನೀರು ಬೇಕಲ್ಲ, ಮಗು ಇರೋ ಮನೆ" ಎಂದರು. ಮಾರ್ಚ್‌ನಲ್ಲಿ ಟ್ಯಾಂಕರ್ ಬರಲಿಲ್ಲವೆಂದು ನಾನು ಎಷ್ಟು ಕೂಗಾಡಿದ್ದೆ ಎಂಬುದು ನೆನಪಾಯಿತು. ಏನು ಹೇಳುವುದೋ ತೋಚಲಿಲ್ಲ. ಪಾಪು ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಅವರ ಪಂಚೆಯ ಅಂಚು ಹಿಡಿದು ಎಳೆಯುತ್ತಿದ್ದಳು. ಕತ್ತಿ ದೂರ ಸರಿಸಿ ಎತ್ತಿಕೊಂಡರು.

ಮಂಗಳವಾರ ಹೇಗೆ ಕಳೆಯಿತೋ ಗೊತ್ತಿಲ್ಲ. ಪಾಪು ಆ ಜಗಲಿಯಲ್ಲೇ ಮೊದಲ ಸಲ ಅಂಬೆಗಾಲಲ್ಲಿ ಮುಂದಕ್ಕೆ ಹೋದಳು, ಅಜ್ಜಿಯ ಊರುಗೋಲಿನ ಕಡೆಗೆ. ಬೆವರುಸಾಲೆ ಒಣಗಿ ಬೆನ್ನು ನುಣುಪಾಗಿತ್ತು.

ಮೇ 1, ಬುಧವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ನಿದ್ದೆಯಲ್ಲಿದ್ದ ಪಾಪುವನ್ನು ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆ. ಗೆಳತಿಯ ಅಮ್ಮ ಮಡಿಲು ತುಂಬಿದರು, ಅಕ್ಕಿ, ತೆಂಗಿನಕಾಯಿ, ಒಂದು ರವಿಕೆ ಕಣ. ಗೆಳತಿ ದಾರಿಗೆಂದು ಬುತ್ತಿ ಕಟ್ಟಿಕೊಟ್ಟಳು. ಅಜ್ಜಿ ಊರುಗೋಲು ಊರಿಕೊಂಡು ಕತ್ತಲಲ್ಲಿ ಅಂಗಳಕ್ಕೆ ಇಳಿದು ಬಂದರು. ಬೇಡ ಅಜ್ಜಿ ಎಂದರೂ ಕೇಳಲಿಲ್ಲ.

ಕಾರಿನ ಬಾಗಿಲ ಹತ್ತಿರ ಬಗ್ಗಿ ನೋಡಿದರು. "ಬ್ಯಾಟರಿ ಹಿಡಿ" ಎಂದರು ಮೊಮ್ಮಗಳಿಗೆ. ಬೆಳಕಿನಲ್ಲಿ ಬೆಲ್ಟಿನ ಪಟ್ಟಿಯನ್ನು ಹುಡುಕಿ ಹಿಡಿದು ಒಮ್ಮೆ ಎಳೆದರು. ಇನ್ನೊಂದು ಕಡೆಯದನ್ನೂ ಎಳೆದರು. ಎದೆಯ ಹತ್ತಿರ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿದರು, ಉಸಿರಿಗೆ ಬಿಗಿಯಾಗಿದೆಯೋ ಎಂದು.

"ಗಟ್ಟಿ ಇದೆ" ಎಂದರು. "ಹೊರಡಿ."